ಮಗು ಜೀವವಿಲ್ಲದೆ ಹುಟ್ಟಿದಾಗ: ನೋಂದಣಿ ಮಾಡಿಸುವುದು ಹೇಗೆ, ಆಮೇಲೆ ಆಸರೆ ಎಲ್ಲಿ ಸಿಗುತ್ತದೆ

ಈ ಕೆಲಸದಲ್ಲಿ ಜನ ಮತ್ತೆ ಮತ್ತೆ ಅದೇ ಮೂರು ಕಡೆ ಎಡವುತ್ತಾರೆ. ಮಗು ಉಳಿಯಲೇ ಇಲ್ಲವಲ್ಲ, ನೋಂದಣಿ ಯಾಕೆ ಅಂತ ಬಿಟ್ಟುಬಿಡುತ್ತಾರೆ. ಇಲ್ಲವೇ ಆಸ್ಪತ್ರೆಯವರು ತಪ್ಪು ನಮೂನೆ ತುಂಬಿದ್ದು ಗೊತ್ತಾಗುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಇಲ್ಲವೇ ಹೆರಿಗೆ ಆದದ್ದು ಒಂದು ಊರಲ್ಲಿ, ಅಲೆಯುವುದು ಇನ್ನೊಂದು ಊರಿನ ಕಚೇರಿಗೆ.

ನನ್ನ ತಂಗಿಗೆ 36ನೇ ವಾರದಲ್ಲಿ ಹೀಗಾಯಿತು. ಆಸ್ಪತ್ರೆಯವರು ಕಳಿಸಿರುತ್ತಾರೆ ಅಂದುಕೊಂಡು ನಾವು ಕೇಳಲೇ ಇಲ್ಲ. ಐದು ತಿಂಗಳಾದ ಮೇಲೆ ಅವಳ ಆಫೀಸಿನವರು ರಜೆಗೆ ಕಾಗದ ಕೇಳಿದರು. ಹೋಗಿ ನೋಡಿದರೆ ರಿಜಿಸ್ಟರ್‌ನಲ್ಲಿ ಏನೂ ಇಲ್ಲ. ಆ ಐದು ತಿಂಗಳಲ್ಲಿ ಹೇಗೋ ಸ್ವಲ್ಪ ಸುಧಾರಿಸಿಕೊಂಡಿದ್ದವಳು, ಕೌಂಟರ್‌ನಲ್ಲಿ ನಿಂತು ಎಲ್ಲವನ್ನೂ ಮೊದಲಿಂದ ಹೇಳಬೇಕಾಯಿತು. ಅದಕ್ಕೇ ಇದನ್ನು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಇಲ್ಲಿರುವುದು ಕರ್ನಾಟಕದಲ್ಲಿ ನಡೆಯುವ ಕ್ರಮ. ಕಾಯ್ದೆ ಮಾತ್ರ ಇಡೀ ದೇಶಕ್ಕೆ ಒಂದೇ: 1969ರ ಜನನ ಮರಣ ನೋಂದಣಿ ಕಾಯ್ದೆ.

ಇನ್ನೊಂದು ಮಾತು. ಇದನ್ನು ಓದುತ್ತಿರುವವರು ತಾಯಿಯೇ ಆಗಿದ್ದರೆ, ಕೆಳಗಿನ 2ರಿಂದ 6ರವರೆಗಿನ ಓಡಾಟ ನಿಮ್ಮದಾಗಬೇಕಿಲ್ಲ. ಅಣ್ಣ, ಅತ್ತಿಗೆ, ಚಿಕ್ಕಪ್ಪ, ಗೆಳತಿ, ಯಾರಾದರೂ ಒಬ್ಬರಿಗೆ ಇದನ್ನು ಕಳಿಸಿ, "ಇದು ನಿನ್ನ ಕೆಲಸ" ಅಂತ ಹೇಳಿ. ಒಬ್ಬರಿಗೇ ಹೇಳಿ. ನಾಲ್ಕು ಜನರಿಗೆ ಹೇಳಿದರೆ ಯಾರೂ ಮಾಡುವುದಿಲ್ಲ.

## ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದು

ತಾಯಿ ಕಾರ್ಡ್, ಎಲ್ಲ ಸ್ಕ್ಯಾನಿಂಗ್ ರಿಪೋರ್ಟ್‌ಗಳು, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್. ತಂದೆ ತಾಯಿ ಇಬ್ಬರ ಆಧಾರ್ ಜೆರಾಕ್ಸ್. ಡಿಸ್ಚಾರ್ಜ್ ಸಮರಿ. ಒಂದು ಚಿಕ್ಕ ನೋಟ್‌ಬುಕ್, ಯಾವ ದಿನ ಯಾರ ಹತ್ತಿರ ಮಾತಾಡಿದಿರಿ, ಏನು ಹೇಳಿದರು ಅಂತ ಬರೆದಿಡಲು. ಪ್ರತಿ ಕಾಗದವನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿಡಿ. ಆ ದಿನಗಳಲ್ಲಿ ಕಾಗದ ಕಳೆದುಹೋಗುವುದು ತುಂಬಾ ಸಹಜ.

## ಹಂತ 1: ಇದು ಯಾವ ಲೆಕ್ಕಕ್ಕೆ ಬರುತ್ತದೆ ಅಂತ ಖಚಿತ ಮಾಡಿಕೊಳ್ಳಿ

ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಇಲ್ಲಿ ಅವಸರ ಮಾಡಬೇಡಿ.

28 ವಾರ ತುಂಬಿದ ಮೇಲೆ, ಜೀವದ ಯಾವ ಲಕ್ಷಣವೂ ಇಲ್ಲದೆ ಮಗು ಹುಟ್ಟಿದರೆ ಕಾನೂನಿನ ಪ್ರಕಾರ ಅದು ನಿರ್ಜೀವ ಜನನ. ಕೆಲವು ಕಡೆ ಮೃತ ಜನನ ಅಂತಲೂ ಬರೆಯುತ್ತಾರೆ. ಇದನ್ನು ನೋಂದಾಯಿಸಲೇಬೇಕು. ಕಾಯ್ದೆಯಲ್ಲಿ "ಜನನ" ಅನ್ನುವ ಪದದ ಅರ್ಥದಲ್ಲೇ ಜೀವಂತ ಜನನ, ನಿರ್ಜೀವ ಜನನ ಎರಡೂ ಇವೆ. 28 ವಾರಕ್ಕೆ ಮುಂಚೆ ಹೊಟ್ಟೆಯಲ್ಲೇ ಹೋಗಿದ್ದರೆ ಈ ನೋಂದಣಿ ಇರುವುದಿಲ್ಲ. ಆದರೂ ಆಸ್ಪತ್ರೆಯ ಕಾಗದ ಬಿಡಬೇಡಿ, ರಜೆಗೆ ಬೇಕಾಗುತ್ತದೆ.

ಮಗು ಹೊರಬಂದ ಮೇಲೆ ಒಮ್ಮೆ ಉಸಿರಾಡಿದ್ದರೂ, ಎದೆಬಡಿತ ಕಂಡಿದ್ದರೂ, ಕೈಕಾಲು ಆಡಿಸಿದ್ದರೂ ಲೆಕ್ಕ ಪೂರ್ತಿ ಬದಲಾಗುತ್ತದೆ. ಆಗ ಅದು ಜೀವಂತ ಜನನ, ಆಮೇಲೆ ಮರಣ. ಎಷ್ಟು ವಾರ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಎರಡು ನೋಂದಣಿ ಆಗಬೇಕು, ಎರಡು ಪ್ರಮಾಣಪತ್ರ ಸಿಗುತ್ತವೆ. "ಐದು ನಿಮಿಷ ಇತ್ತು, ಆಮೇಲೆ ಹೋಯಿತು" ಅಂತ ಡಾಕ್ಟರ್ ಬಾಯಲ್ಲಿ ಹೇಳಿ, ಕಾಗದದಲ್ಲಿ ನಿರ್ಜೀವ ಜನನ ಅಂತ ಬರೆದಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ. ಜಗಳ ಬೇಡ. "ಮಗು ಹುಟ್ಟಿದಾಗ ಹಾರ್ಟ್‌ಬೀಟ್ ಇತ್ತಾ, ಕೇಸ್‌ಶೀಟ್‌ನಲ್ಲಿ ಏನು ಬರೆದಿದ್ದೀರಿ, ಒಮ್ಮೆ ನೋಡಿ ಹೇಳಿ" ಅಂದರೆ ಸಾಕು.

ವಾರದ ಲೆಕ್ಕ ಗಡಿಯಲ್ಲಿದ್ದಾಗ, ಅಂದರೆ 27 ಅಥವಾ 28 ಅನ್ನುವ ಗೊಂದಲ ಇದ್ದಾಗ, ಮೊದಲ ಸ್ಕ್ಯಾನ್‌ನ ತಾರೀಖಿನಿಂದ ಲೆಕ್ಕ ಹಾಕಿಸಿ. ಮುಟ್ಟಿನ ದಿನ ತಪ್ಪಾಗಿ ಬರೆಸಿರುವುದು ಜಾಸ್ತಿ. ಆರಂಭದ ಸ್ಕ್ಯಾನ್ ಅಷ್ಟು ತಪ್ಪುವುದಿಲ್ಲ.

ಅವಳಿ ಮಕ್ಕಳಲ್ಲಿ ಒಂದು ಉಳಿದು ಒಂದು ಹೋಗಿದ್ದರೆ, ಎರಡಕ್ಕೂ ಬೇರೆ ಬೇರೆ ನಮೂನೆ. ಉಳಿದ ಮಗುವಿನ ಗಡಿಬಿಡಿಯಲ್ಲಿ ಇನ್ನೊಂದರ ನೋಂದಣಿ ಮರೆತೇ ಹೋಗುತ್ತದೆ.

## ಹಂತ 2: ಹೆರಿಗೆಯಾದ ಮೊದಲ ಕೆಲವು ಗಂಟೆಗಳು

ಇಲ್ಲಿ ಕಾಗದಕ್ಕಿಂತ ಮೊದಲು ನಾಲ್ಕು ವಿಷಯ ಇವೆ. ಇವು ಆಮೇಲೆ ಬೇಕೆಂದರೂ ಸಿಗುವುದಿಲ್ಲ.

ಮೊದಲನೆಯದು, ಮಾಸು (ಪ್ಲಾಸೆಂಟಾ). ಮಗು ಯಾಕೆ ಹೋಯಿತು ಅನ್ನುವುದಕ್ಕೆ ಎಷ್ಟೋ ಸಲ ಉತ್ತರ ಮಾಸಿನಲ್ಲೇ ಇರುತ್ತದೆ. ಅದನ್ನು ಪರೀಕ್ಷೆಗೆ ಕಳಿಸಿ ಅಂತ ಹೆರಿಗೆ ಕೋಣೆಯಲ್ಲೇ ಹೇಳಬೇಕು. ಅರ್ಧ ಗಂಟೆ ತಡವಾದರೆ ಅದು ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲ ಸೇರಿರುತ್ತದೆ. ಮಗುವಿನ ಶವಪರೀಕ್ಷೆ ಬೇಕಾ ಅನ್ನುವುದು ತಂದೆ ತಾಯಿಯ ನಿರ್ಧಾರ. ಒಪ್ಪಿಗೆ ಇಲ್ಲದೆ ಮಾಡುವುದಿಲ್ಲ. ಬೇಡ ಅನ್ನಿಸಿದರೂ ತಪ್ಪಿಲ್ಲ. ಆದರೆ ಮಾಸಿನ ಪರೀಕ್ಷೆಗೆ ಮಗುವನ್ನು ಮುಟ್ಟುವ ಅಗತ್ಯವೇ ಇಲ್ಲ, ಅದನ್ನು ಬಿಡಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ.

ಎರಡನೆಯದು, ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್. 72 ಗಂಟೆಯೊಳಗೆ ಕೊಡಬೇಕು. ಮಗು ಇಲ್ಲವಲ್ಲ ಅಂತ ಇದನ್ನು ಮರೆತರೆ ಮುಂದಿನ ಬಸಿರಿಗೆ ತೊಂದರೆ.

ಮೂರನೆಯದು, ಮಗುವನ್ನು ನೋಡುವುದು. ನಮ್ಮಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಹೇಳಿ? ತಾಯಿಗೆ ಪ್ರಜ್ಞೆ ಬರುವಷ್ಟರಲ್ಲಿ ಗಂಡಸರು ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದಿರುತ್ತಾರೆ. ನೋಡಿದರೆ ಅವಳಿಗೆ ಇನ್ನೂ ಸಂಕಟ ಅಂತ ಪ್ರೀತಿಯಿಂದಲೇ ಮಾಡಿರುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. "ಮೂಗು ಯಾರ ಥರ ಇತ್ತಕ್ಕಾ?" ಅಂತ ನನ್ನ ತಂಗಿ ಒಂದು ವರ್ಷ ಕೇಳಿದಳು. ನನಗೂ ಗೊತ್ತಿರಲಿಲ್ಲ. ದಯವಿಟ್ಟು ಅವಳನ್ನು ಕೇಳಿ. ಒಂದು ಸಲ ಬೇಡ ಅಂದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಕೇಳಿ. ಬೇಡವೇ ಬೇಡ ಅಂದರೆ ಒತ್ತಾಯ ಬೇಡ, ಒಂದು ಫೋಟೊ ತೆಗೆದು ಬೇರೆಯವರ ಫೋನಿನಲ್ಲಿ ಇಟ್ಟಿರಿ. ಕೇಳಿದಾಗ ಕೊಡಬಹುದು. ನರ್ಸ್ ಹತ್ತಿರ ಸ್ಟಾಂಪ್ ಪ್ಯಾಡ್ ಇರುತ್ತದೆ, ಒಂದು ಬಿಳಿ ಹಾಳೆಯ ಮೇಲೆ ಪಾದದ ಗುರುತು ತೆಗೆದುಕೊಡಿ ಅಂದರೆ ಬಹಳ ಜನ ತೆಗೆದುಕೊಡುತ್ತಾರೆ. ಮಗುವಿನ ಕಾಲಿಗೆ ಕಟ್ಟಿದ ಚೀಟಿ, "ಬೇಬಿ ಆಫ್" ಅಂತ ತಾಯಿಯ ಹೆಸರು, ಸಮಯ, ತೂಕ ಬರೆದದ್ದು, ಅದನ್ನು ಬಿಚ್ಚಿ ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಉಳಿದಿರುವುದು ಅದೊಂದೇ. ಎರಡು ಬೆರಳಗಲದ ಬಿಳಿ ಪಟ್ಟಿ, ನೀಲಿ ಪೆನ್ನಿನಲ್ಲಿ "2.4 ಕೆಜಿ" ಅಂತ ಬರೆದದ್ದು, ಒಂದು ಮೂಲೆಯಲ್ಲಿ ಶಾಯಿ ಕದಡಿದೆ.

ನಾಲ್ಕನೆಯದು, ಮಗುವಿನ ದೇಹ. 28 ವಾರ ದಾಟಿದ ಮಗು ಆಸ್ಪತ್ರೆಯ ತ್ಯಾಜ್ಯ ಅಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ತ್ಯಾಜ್ಯದ ಪಟ್ಟಿಗೆ ಸೇರಿಸಿರುವುದು ಬದುಕಬಲ್ಲ ಹಂತಕ್ಕೆ ಬಾರದ ಭ್ರೂಣವನ್ನು ಮಾತ್ರ. ಹಾಗಾಗಿ "ನಾವೇ ನೋಡಿಕೊಳ್ಳುತ್ತೇವೆ, ನೀವು ಹೋಗಿ" ಅಂತ ಯಾರಾದರೂ ಅಂದರೆ, ನಿಮಗೆ ಒಪ್ಪಿಗೆ ಇಲ್ಲದಿದ್ದರೆ, "ನಮಗೆ ಕೊಡಿ" ಅನ್ನಿ. ಕೊಡುವಾಗ ದೇಹ ಹಸ್ತಾಂತರದ ಪತ್ರ ಕೇಳಿ ಪಡೆಯಿರಿ. ಊರಿನ ಸ್ಮಶಾನದಲ್ಲಿ, ಖಬರಸ್ತಾನದಲ್ಲಿ, ಚರ್ಚಿನ ಜಾಗದಲ್ಲಿ, ಎಲ್ಲೇ ಹೂಳುವುದಾದರೂ ಅದನ್ನು ಜೊತೆಯಲ್ಲಿ ಒಯ್ಯಿರಿ. ದಾರಿಯಲ್ಲಿ ಯಾರಾದರೂ ಕೇಳಿದರೂ ತೋರಿಸಬಹುದು.

## ಹಂತ 3: ಡಿಸ್ಚಾರ್ಜ್‌ಗೆ ಮುಂಚೆ ನಮೂನೆ 3

ಆಸ್ಪತ್ರೆಯಲ್ಲಿ ಹೆರಿಗೆ ಆದರೆ ನೋಂದಣಾಧಿಕಾರಿಗೆ ಮಾಹಿತಿ ಕೊಡುವ ಹೊಣೆ ಆಸ್ಪತ್ರೆಯ ಮುಖ್ಯ ವೈದ್ಯರದು, ಅಥವಾ ಅವರು ಅಧಿಕಾರ ಕೊಟ್ಟವರದು. ಸರ್ಕಾರಿ ಆಸ್ಪತ್ರೆ, ಖಾಸಗಿ ನರ್ಸಿಂಗ್ ಹೋಂ ಎರಡಕ್ಕೂ ಇದೇ ನಿಯಮ. ನಿಮ್ಮ ಕೆಲಸ, ಅವರು ಸರಿಯಾದ ನಮೂನೆಯಲ್ಲಿ ಸರಿಯಾದ ಮಾಹಿತಿ ಕಳಿಸಿದ್ದಾರಾ ಅಂತ ನೋಡಿಕೊಳ್ಳುವುದು.

ನಮೂನೆ 1 ಜೀವಂತ ಜನನಕ್ಕೆ. ನಮೂನೆ 2 ಮರಣಕ್ಕೆ. ನಿರ್ಜೀವ ಜನನಕ್ಕೆ ಇರುವುದು ನಮೂನೆ 3. ಮರಣದ ಕಾರಣ ಬರೆಯುವ ನಮೂನೆ 4 ಇದೆಯಲ್ಲ, ಅದನ್ನು ನಿರ್ಜೀವ ಜನನಕ್ಕೆ ಬಳಸಬಾರದು. ಹೊಸಬರು ಕೂತಿರುವ ಕಡೆ ಈ ನಮೂನೆಗಳು ಅದಲು ಬದಲಾಗುತ್ತವೆ. ವಾರ್ಡ್‌ನಲ್ಲಿ ಕೇಳಿದರೆ ಗೊತ್ತಾಗುವುದಿಲ್ಲ. ಮೆಡಿಕಲ್ ರೆಕಾರ್ಡ್ಸ್ ವಿಭಾಗ ಎಲ್ಲಿದೆ ಅಂತ ಕೇಳಿ ಅಲ್ಲಿಗೇ ಹೋಗಿ.

ನಮೂನೆ 3ರಲ್ಲಿ ಹುಟ್ಟಿದ ತಾರೀಖು, ಗಂಡೋ ಹೆಣ್ಣೋ, ತಂದೆ ತಾಯಿಯ ಹೆಸರು, ಹುಟ್ಟಿದ ಸ್ಥಳ, ತಾಯಿಯ ವಯಸ್ಸು, ತಾಯಿ ವಾಸವಿರುವ ಊರು, ಬಸಿರು ಎಷ್ಟು ವಾರ ಆಗಿತ್ತು, ಗೊತ್ತಿದ್ದರೆ ಕಾರಣ, ಇಷ್ಟು ಮುಖ್ಯವಾಗಿ ಇರುತ್ತದೆ. ಮಗುವಿನ ಹೆಸರು ಬರೆಯುವ ಜಾಗ ಇರುವುದಿಲ್ಲ. ಹೆಸರು ಇಟ್ಟುಕೊಂಡಿದ್ದವರಿಗೆ ಇದು ಚುಚ್ಚುತ್ತದೆ. ಕೌಂಟರ್‌ಗೆ ಹೋಗುವ ಮೊದಲೇ ಇದನ್ನು ತಿಳಿದಿದ್ದರೆ ಆ ಹೊತ್ತಿಗೆ ಸ್ವಲ್ಪ ಸುಲಭ.

ನೋಡಲೇಬೇಕಾದ ಮೂರು ಕಡೆ:

ತಾಯಿಯ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇರಬೇಕು. ಆಸ್ಪತ್ರೆಯ ಫೈಲಿನಲ್ಲಿ ಮನೆಯಲ್ಲಿ ಕರೆಯುವ ಹೆಸರೋ, ಗಂಡನ ಹೆಸರು ಸೇರಿಸಿದ್ದೋ ಇರುತ್ತದೆ, ಅದನ್ನೇ ಎತ್ತಿ ಬರೆದುಬಿಡುತ್ತಾರೆ.

ವಾರದ ಸಂಖ್ಯೆ ಡಿಸ್ಚಾರ್ಜ್ ಸಮರಿ ಮತ್ತು ನಮೂನೆ 3, ಎರಡರಲ್ಲೂ ಒಂದೇ ಇರಬೇಕು. ಒಂದರಲ್ಲಿ "8 ತಿಂಗಳು" ಇನ್ನೊಂದರಲ್ಲಿ "34 ವಾರ" ಅಂತ ಇದ್ದರೂ ಮುಂದೆ ಪ್ರಶ್ನೆ ಬರುತ್ತದೆ.

ಡಿಸ್ಚಾರ್ಜ್ ಸಮರಿಯಲ್ಲಿ ಬರೀ "ಐಯುಎಫ್‌ಡಿ" ಅಂತ ಬರೆದಿದ್ದರೆ ಸಾಲದು. ಹೊಟ್ಟೆಯಲ್ಲಿ ಮಗು ತೀರಿಕೊಂಡಿದೆ ಅನ್ನುವುದಷ್ಟೇ ಅದರ ಅರ್ಥ. ಹೆರಿಗೆ ಆದ ತಾರೀಖು, ಸಮಯ, ವಾರ, ತೂಕ, ನಿರ್ಜೀವ ಜನನ ಅನ್ನುವ ಮಾತು, ಇಷ್ಟೂ ಇರುವ ಹಾಗೆ ಬರೆಸಿಕೊಳ್ಳಿ.

ಹೊರಡುವಾಗ ಎರಡು ಪ್ರಶ್ನೆ ಕೇಳಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ನಮೂನೆ 3 ಯಾವ ನೋಂದಣಿ ಕಚೇರಿಗೆ ಹೋಗುತ್ತದೆ? ಯಾವ ದಿನ ಕಳಿಸುತ್ತೀರಿ?

ಮನೆಯಲ್ಲೇ ಹೆರಿಗೆ ಆಗಿದ್ದರೆ ಮಾಹಿತಿ ಕೊಡಬೇಕಾದವರು ಮನೆಯ ಯಜಮಾನರು. ಅವತ್ತೇ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಹೇಳಿ, ತಾಯಿಯನ್ನೂ ತೋರಿಸಿ. ಯಾರಿಗೂ ಹೇಳದೆ ಗುಟ್ಟಾಗಿ ಹೂಳುವುದು ಬೇಡ. ಹುಟ್ಟನ್ನು ಮುಚ್ಚಿಡಲು ಹಾಗೆ ಮಾಡಿದರು ಅನ್ನುವ ಅನುಮಾನ ಬಂದರೆ ಅದು ಅಪರಾಧದ ಲೆಕ್ಕಕ್ಕೆ ಹೋಗುತ್ತದೆ, ನೊಂದ ಮನೆಗೆ ಪೊಲೀಸರು ಬರುತ್ತಾರೆ. ಆಂಬುಲೆನ್ಸ್‌ನಲ್ಲೋ ಬೇರೆ ಗಾಡಿಯಲ್ಲೋ ದಾರಿಯಲ್ಲಿ ಹೆರಿಗೆ ಆದರೆ, ಗಾಡಿಯ ಹೊಣೆ ಹೊತ್ತವರು ಮೊದಲು ನಿಂತ ಜಾಗದಲ್ಲಿ ಮಾಹಿತಿ ಕೊಡಬೇಕು ಅನ್ನುತ್ತದೆ ನಿಯಮ. ಗಾಡಿ ಸಂಖ್ಯೆ ಬರೆದಿಟ್ಟುಕೊಳ್ಳಿ.

## ಹಂತ 4: 21 ದಿನದೊಳಗೆ ಕಚೇರಿಯಲ್ಲಿ ಖಚಿತ ಮಾಡಿಕೊಳ್ಳಿ

ಮಾಹಿತಿ ಕೊಡಲು ಇರುವ ಅವಧಿ 21 ದಿನ. ಹತ್ತನೇ ದಿನದ ಹೊತ್ತಿಗೆ ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗಕ್ಕೆ ಫೋನ್ ಮಾಡಿ. ಹದಿನೈದರ ಹೊತ್ತಿಗೆ ನೋಂದಣಿ ಕಚೇರಿಗೇ ಹೋಗಿ ನೋಡಿ. ಕರ್ನಾಟಕದಲ್ಲಿ ಇ-ಜನ್ಮ ತಂತ್ರಾಂಶದಲ್ಲಿ ಎಂಟ್ರಿ ಆಗುತ್ತದೆ. "ನಿರ್ಜೀವ ಜನನದ ಎಂಟ್ರಿ ಆಗಿದೆಯಾ, ನೋಂದಣಿ ಸಂಖ್ಯೆ ಎಷ್ಟು" ಅಂತ ಕೇಳಿ. "ಮಗುವಿನ ನೋಂದಣಿ" ಅಂತಷ್ಟೇ ಕೇಳಿದರೆ ಜನನದ ರಿಜಿಸ್ಟರ್ ತೆಗೆದು ನೋಡಿ ಇಲ್ಲ ಅನ್ನುತ್ತಾರೆ. ನಿರ್ಜೀವ ಜನನದ ರಿಜಿಸ್ಟರ್ ಬೇರೆ, ಅದು ನಮೂನೆ 9.

ಯಾವ ಕಚೇರಿ? ಹೆರಿಗೆ ಆದ ಜಾಗದ್ದು. ನಿಮ್ಮ ಮನೆ ಇರುವ ಊರಿನದಲ್ಲ. ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿಂದ ಜಿಲ್ಲಾಸ್ಪತ್ರೆಗೆ ಕಳಿಸಿ, ಅಲ್ಲಿ ಹೆರಿಗೆ ಆಗಿದ್ದರೆ ನೋಂದಣಿ ಆ ಜಿಲ್ಲಾ ಕೇಂದ್ರದಲ್ಲೇ. ಸ್ಕ್ಯಾನಿಂಗ್‌ನಲ್ಲಿ ಎದೆಬಡಿತ ಇಲ್ಲ ಅಂತ ಎಲ್ಲಿ ಹೇಳಿದರು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಮಗು ಎಲ್ಲಿ ಹೊರಬಂತು ಅನ್ನುವುದಷ್ಟೇ.

ಎಚ್ಚರಿಕೆಯ ಸೂಚನೆಗಳು ಹೀಗಿರುತ್ತವೆ: "ಇಂಥದ್ದಕ್ಕೆಲ್ಲ ನೋಂದಣಿ ಇಲ್ಲ" ಅಂತ ಯಾರಾದರೂ ಅಂದರೆ, "ಆಮೇಲೆ ಬನ್ನಿ" ಅಂತ ತಾರೀಖು ಹೇಳದೆ ಕಳಿಸಿದರೆ, ಆಸ್ಪತ್ರೆಯವರು ಕಚೇರಿಯ ಕಡೆ, ಕಚೇರಿಯವರು ಆಸ್ಪತ್ರೆಯ ಕಡೆ ಕೈ ತೋರಿಸಿದರೆ. ಇದರಲ್ಲಿ ಒಂದು ಕಂಡರೂ ಬಾಯಿಮಾತು ಬಿಟ್ಟು ಬರವಣಿಗೆಗೆ ಇಳಿಯಿರಿ. ಒಂದು ಬಿಳಿ ಹಾಳೆಯ ಅರ್ಜಿ, ಡಿಸ್ಚಾರ್ಜ್ ಸಮರಿಯ ಜೆರಾಕ್ಸ್, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ತಾರೀಖು. ಸೀಲು ಬಿದ್ದ ಅರ್ಜಿಗೆ ಉತ್ತರ ಬರುತ್ತದೆ.

## ಹಂತ 5: ಯಾವ ಕಾಗದ ಸಿಗುತ್ತದೆ, ಯಾವುದು ಸಿಗುವುದಿಲ್ಲ

ಇಲ್ಲಿ ತುಂಬಾ ಜನ ಸುಮ್ನೆ ಅಲೆಯುತ್ತಾರೆ. ಮಗುವಿನ ಮರಣ ಪ್ರಮಾಣಪತ್ರ ಕೊಡಿ ಅಂತ ಕೇಳುತ್ತಾರೆ, ಕಚೇರಿಯವರು ಇಲ್ಲ ಅನ್ನುತ್ತಾರೆ, ಕೊಡಲೊಲ್ಲರು ಅಂತ ಇವರು ನೋಯುತ್ತಾರೆ. ಕಾಯ್ದೆಯಲ್ಲಿ ಮರಣ ಅಂದರೆ ಜೀವಂತವಾಗಿ ಹುಟ್ಟಿದ ಮೇಲೆ ಜೀವ ಹೋಗುವುದು. ಹಾಗಾಗಿ ನಿರ್ಜೀವ ಜನನಕ್ಕೆ ಮರಣ ಪ್ರಮಾಣಪತ್ರ ಬರುವುದೇ ಇಲ್ಲ. ಕರ್ನಾಟಕದ 1999ರ ನಿಯಮಗಳಲ್ಲಿ ಜನನ ಪ್ರಮಾಣಪತ್ರಕ್ಕೆ ನಮೂನೆ 5, ಮರಣಕ್ಕೆ ನಮೂನೆ 6 ಇವೆ. ನಿರ್ಜೀವ ಜನನಕ್ಕೆ ಅಂಥ ಪ್ರತ್ಯೇಕ ನಮೂನೆ ಕೊಟ್ಟಿಲ್ಲ.

ಹಾಗಾದರೆ ಏನು ಕೇಳಬೇಕು? ನೋಂದಣಿ ಸಂಖ್ಯೆ, ನೋಂದಣಿಯ ತಾರೀಖು, ರಿಜಿಸ್ಟರ್‌ನಲ್ಲಿ ಇರುವ ದಾಖಲೆಯ ದೃಢೀಕೃತ ಪ್ರತಿ. ಕಾಯ್ದೆಯ 17ನೇ ಸೆಕ್ಷನ್ ಯಾರು ಬೇಕಾದರೂ ಜನನದ ದಾಖಲೆ ಹುಡುಕಿಸಿ ಅದರ ಕಾಗದ ಪಡೆಯಬಹುದು ಅನ್ನುತ್ತದೆ. ಜನನ ಅಂದರೆ ನಿರ್ಜೀವ ಜನನವೂ ಸೇರಿದ್ದು ಅಂತ ಮೇಲೆ ಹೇಳಿದೆನಲ್ಲ, ಅದನ್ನೇ ಅರ್ಜಿಯಲ್ಲಿ ಒಂದು ಸಾಲು ಬರೆಯಿರಿ. ಇದರ ಜೊತೆಗೆ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ, ಇಂಥ ದಿನ ಇಷ್ಟು ವಾರಕ್ಕೆ ನಿರ್ಜೀವ ಜನನ ಆಯಿತು ಅಂತ ಡಾಕ್ಟರ್ ಸಹಿ ಸೀಲು ಇರುವ ಪತ್ರವೊಂದು ಇರಲಿ. ಆಫೀಸಿನ ಕೆಲಸ ಎಷ್ಟೋ ಸಲ ಆ ಪತ್ರದಲ್ಲೇ ಮುಗಿಯುತ್ತದೆ.

ಹೆಸರಿನಲ್ಲೋ ತಾರೀಖಿನಲ್ಲೋ ತಪ್ಪು ಬಿದ್ದಿದ್ದರೆ 15ನೇ ಸೆಕ್ಷನ್ ಅಡಿ ತಿದ್ದಿಸಬಹುದು. ಬರಹದ ತಪ್ಪಾದರೆ ನೋಂದಣಾಧಿಕಾರಿಯೇ ನೋಡಿ ಸರಿಮಾಡುತ್ತಾರೆ. ವಿಷಯವೇ ತಪ್ಪಾಗಿದ್ದರೆ ಸಂಗತಿ ಗೊತ್ತಿರುವ ಇಬ್ಬರು ನಂಬಿಕಸ್ಥರ ಹೇಳಿಕೆ ಕೇಳುತ್ತಾರೆ.

## ಹಂತ 6: ತಡವಾಗಿದ್ದರೆ

21 ದಿನ ದಾಟಿ 30 ದಿನದೊಳಗೆ ಇದ್ದರೆ ತಡವಾದ ಶುಲ್ಕ ಕಟ್ಟಿದರೆ ಆಯಿತು. 30 ದಿನದಿಂದ ಒಂದು ವರ್ಷದೊಳಗೆ ಆದರೆ ಮೇಲಿನ ಅಧಿಕಾರಿಯ ಲಿಖಿತ ಅನುಮತಿ ಬೇಕು. ಮೊದಲು ನೋಟರಿ ಅಫಿಡವಿಟ್ ಬೇಕಿತ್ತು. 2023ರ ತಿದ್ದುಪಡಿ ಆ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಸ್ವಯಂ ದೃಢೀಕರಿಸಿದ ದಾಖಲೆ ಸಾಕು. ಒಂದು ವರ್ಷವೂ ದಾಟಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಆದೇಶ ಬೇಕು.

ತಡ ಆದದ್ದು ಆಸ್ಪತ್ರೆಯಿಂದ ಆಗಿದ್ದರೆ ಅವರಿಂದಲೇ ಒಂದು ಪತ್ರ ತೆಗೆದುಕೊಳ್ಳಿ. ನೋಂದಣಾಧಿಕಾರಿ ಸರಿಯಾದ ಕಾರಣ ಇಲ್ಲದೆ ನಿರಾಕರಿಸಿದರೆ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಇದೂ 2023ರಲ್ಲಿ ಬಂದ ಅವಕಾಶ.

## ಹಂತ 7: ರಜೆ ಮತ್ತು ಹಣ

"ಮಗು ಇಲ್ಲವಲ್ಲ, ಹೆರಿಗೆ ರಜೆ ಯಾಕೆ, ಮುಂದಿನ ವಾರ ಬಂದುಬಿಡಿ." ಇದನ್ನು ಕೇಳಿಸಿಕೊಂಡವರು ಎಷ್ಟೋ ಜನ. ಕೇಳಿ ಸುಮ್ಮನಾದವರೂ ಅಷ್ಟೇ.

1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ "ಮಗು" ಅನ್ನುವ ಪದದಲ್ಲಿ ಸತ್ತು ಹುಟ್ಟಿದ ಮಗುವೂ ಸೇರಿದೆ ಅಂತ ಸ್ಪಷ್ಟವಾಗಿ ಬರೆದಿದೆ. ಹಾಗಾಗಿ ಪೂರ್ತಿ ಹೆರಿಗೆ ರಜೆ ನಿಮ್ಮದು: ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದರೆ 26 ವಾರ, ಇಬ್ಬರು ಅಥವಾ ಹೆಚ್ಚು ಇದ್ದರೆ 12 ವಾರ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಈ ಕಾಯ್ದೆಯ ವಿಷಯಗಳನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ತಂದಿದ್ದಾರೆ, ಎಚ್‌ಆರ್ ಹತ್ತಿರ ಮಾತಾಡುವಾಗ ಎರಡರ ಹೆಸರನ್ನೂ ಬರೆಯಿರಿ. ಇಎಸ್‌ಐ ಇರುವವರಿಗೆ, 26 ವಾರ ದಾಟಿದ ಹೆರಿಗೆಯಲ್ಲಿ ಮಗು ಜೀವಂತ ಇದ್ದರೂ ಇಲ್ಲದಿದ್ದರೂ ಹೆರಿಗೆ ಸೌಲಭ್ಯ ಉಂಟು. ಕೇಂದ್ರ ಸರ್ಕಾರದ ನೌಕರರಿಗೆ 2022ರ ಸೆಪ್ಟೆಂಬರ್‌ನ ಆದೇಶದಂತೆ 60 ದಿನದ ವಿಶೇಷ ಹೆರಿಗೆ ರಜೆ ಇದೆ. ಅಲ್ಲಿಯೂ ನಿರ್ಜೀವ ಜನನ ಅಂದರೆ 28 ವಾರ ಅಥವಾ ಮೇಲೆ.

ಗಮನಿಸಿ, ಇಎಸ್‌ಐ ಲೆಕ್ಕಕ್ಕೆ ಬಸಿರು 26 ವಾರ ದಾಟಿರಬೇಕು, ನೋಂದಣಿಗೂ ಕೇಂದ್ರದ ಆ ರಜೆಗೂ 28. ಅದಕ್ಕೇ ವಾರದ ಸಂಖ್ಯೆ ಸರಿಯಾಗಿ ಬರೆಸಿಕೊಳ್ಳಿ ಅಂದದ್ದು. 26 ವಾರದೊಳಗೆ ಹೋಗಿದ್ದರೆ ಗರ್ಭಪಾತದ ಲೆಕ್ಕದಲ್ಲಿ 6 ವಾರ ರಜೆ ಸಿಗುತ್ತದೆ.

ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಗೆ ಅರ್ಜಿ ಹಾಕಿದ್ದರೆ ಅಂಗನವಾಡಿ ಕಾರ್ಯಕರ್ತೆಗೆ ವಿಷಯ ತಿಳಿಸಿ, ದಾಖಲಿಸಲು ಹೇಳಿ. ಮುಂದಿನ ಬಸಿರಿನಲ್ಲಿ ಮತ್ತೆ ಅರ್ಜಿ ಹಾಕುವಾಗ ಈ ದಾಖಲೆ ಇರಬೇಕು.

## ಹಂತ 8: ಬಾಣಂತನ ನಿಲ್ಲಿಸಬೇಡಿ

ಬಾಣಂತನ ಮಗುವಿಗಾಗಿ ಮಾತ್ರ ಅಂತ ಅಂದುಕೊಂಡಿರುವ ಮನೆಗಳು ಇನ್ನೂ ಇವೆ. ಮಗು ಇಲ್ಲ ಅಂದ ತಕ್ಷಣ ಎಣ್ಣೆನೀರು ನಿಲ್ಲುತ್ತದೆ, ಬಿಸಿ ಊಟ ನಿಲ್ಲುತ್ತದೆ, ವಾರಕ್ಕೆ ಅಡುಗೆಮನೆಗೆ ಬಂದಿರುತ್ತಾಳೆ. ಹೆತ್ತ ದೇಹ ಅದೇ, ನೋವು ಅದೇ, ರಕ್ತಸ್ರಾವ ಅದೇ. ಹೊಲಿಗೆ ಇದ್ದರೆ ಹೊಲಿಗೆಯೂ ಅದೇ. ಅಮ್ಮ, ಅತ್ತೆ, ದೊಡ್ಡಮ್ಮ ಯಾರೇ ಇರಲಿ, ಅವಳಿಗೆ ಬೇಕಾದಷ್ಟು ದಿನ ಪೂರ್ತಿ ಬಾಣಂತನ ಮಾಡಿ.

ಎರಡು ಮೂರನೇ ದಿನಕ್ಕೆ ಎದೆಹಾಲು ಬರುತ್ತದೆ. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ನನ್ನ ತಂಗಿ ಸ್ನಾನದ ಮನೆಯಲ್ಲಿ ನೈಟಿಯ ಮುಂಭಾಗ ಒದ್ದೆಯಾದದ್ದು ನೋಡಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಡಿಸ್ಚಾರ್ಜ್ ದಿನವೇ ಡಾಕ್ಟರ್ ಹತ್ತಿರ ಕೇಳಿ. ಹಾಲು ನಿಲ್ಲಿಸುವ ಮಾತ್ರೆ ಇದೆ, ಆದರೆ ಬಿಪಿ ಇರುವವರಿಗೆ ಅದು ಆಗದೇ ಇರಬಹುದು, ಆದ್ದರಿಂದ ನೀವೇ ಮೆಡಿಕಲ್ ಸ್ಟೋರ್‌ನಲ್ಲಿ ತಂದು ಕೊಡಬೇಡಿ. ಸರಿಯಾದ ಅಳತೆಯ ಒಳಉಡುಪು, ತಣ್ಣನೆಯ ಬಟ್ಟೆ, ತುಂಬಾ ಬಿಗಿದರೆ ಸ್ವಲ್ಪ ಮಾತ್ರ ಹಿಂಡಿ ಹಗುರ ಮಾಡಿಕೊಳ್ಳುವುದು. ಪೂರ್ತಿ ಹಿಂಡಿದರೆ ಇನ್ನೂ ಜಾಸ್ತಿ ಬರುತ್ತದೆ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು: ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತಸ್ರಾವ, ಜ್ವರ, ಕೆಟ್ಟ ವಾಸನೆಯ ಸ್ರಾವ, ಜೋರು ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಫಿಟ್ಸ್, ಒಂದೇ ಕಾಲಿನ ಮೀನಖಂಡದಲ್ಲಿ ನೋವು ಮತ್ತು ಊತ, ಉಸಿರು ಕಟ್ಟುವುದು. 108ಕ್ಕೆ ಕರೆ ಮಾಡಿ. ಮಗುವಿನ ದುಃಖದಲ್ಲಿ ಇವನ್ನು "ಅತ್ತೂ ಅತ್ತೂ ಹೀಗಾಗಿದೆ" ಅಂತ ತಳ್ಳಿಹಾಕಿಬಿಡುತ್ತಾರೆ. ಹಾಗೆ ಮಾಡಬೇಡಿ.

ಆಶಾ ಕಾರ್ಯಕರ್ತೆಗೆ ಮನೆಯವರೇ ಹೋಗಿ ವಿಷಯ ಹೇಳಿ, ಆರೋಗ್ಯ ಇಲಾಖೆಯ ದಾಖಲೆಯಲ್ಲಿ ಬದಲಾಯಿಸಲು ಕೇಳಿಕೊಳ್ಳಿ. ಇಲ್ಲದಿದ್ದರೆ ಒಂದೂವರೆ ತಿಂಗಳಿಗೆ "ಮಗುವಿಗೆ ಲಸಿಕೆ ಹಾಕಿಸಿದ್ರಾ" ಅಂತ ಫೋನ್ ಬರುತ್ತದೆ.

## ಹಂತ 9: ಮನಸ್ಸಿಗೆ ಆಸರೆ

"ಇನ್ನೊಂದು ಆಗುತ್ತೆ ಬಿಡು." "ಹುಟ್ಟಿ ಬೆಳೆದು ಹೋಗಿದ್ದರೆ ಇನ್ನೂ ಕಷ್ಟ ಇತ್ತು." ಬಂದವರು ಇದನ್ನು ಹೇಳದಂತೆ ಬಾಗಿಲಲ್ಲೇ ಒಬ್ಬರು ನೋಡಿಕೊಳ್ಳಿ. ಏನು ಹೇಳಬೇಕೋ ತಿಳಿಯದಿದ್ದರೆ ಸುಮ್ನೆ ಪಕ್ಕದಲ್ಲಿ ಕೂರಬಹುದು, ಮಗು ಹೇಗಿತ್ತು ಅಂತ ಕೇಳಬಹುದು. ಮಗುವಿಗೆ ಹೆಸರು ಇಟ್ಟಿದ್ದರೆ ಆ ಹೆಸರಲ್ಲೇ ಮಾತಾಡಿ. ಮಗುವಿಗೆ ತಂದ ಬಟ್ಟೆ, ತೊಟ್ಟಿಲು ಅವಳು ಮನೆಗೆ ಬರುವ ಮೊದಲೇ ತೆಗೆದು ಹಾಕಬೇಡಿ. ಏನು ಮಾಡೋಣ ಅಂತ ಅವಳನ್ನು ಕೇಳಿ.

ಅಪ್ಪನನ್ನೂ ನೋಡಿಕೊಳ್ಳಿ. ಮಗುವನ್ನು ತನ್ನ ಕೈಯಲ್ಲೇ ಮಣ್ಣಿಗಿಟ್ಟು ಬಂದವನು ಮೂರನೇ ದಿನ ಕೆಲಸಕ್ಕೆ ಹೋಗುತ್ತಾನೆ, ಎಲ್ಲರೂ ಅವನನ್ನು "ನಿನ್ನ ಹೆಂಡತಿ ಹೇಗಿದ್ದಾಳೆ" ಅಂತ ಕೇಳುತ್ತಾರೆ. ಅವನನ್ನು ಯಾರೂ ಕೇಳುವುದಿಲ್ಲ. ಮನೆಯಲ್ಲಿ ದೊಡ್ಡ ಮಗು ಇದ್ದರೆ "ಪಾಪು ಮಲಗಿದೆ", "ದೂರ ಹೋಗಿದೆ" ಅನ್ನಬೇಡಿ, ಮಲಗಲು ಹೆದರುತ್ತದೆ. ಪಾಪು ತೀರಿಹೋಯಿತು, ಯಾರ ತಪ್ಪೂ ಇಲ್ಲ ಅಂತ ಸರಳವಾಗಿ ಹೇಳಿ.

ಅಳು ಬರುವುದು, ನಿದ್ದೆ ಹೋಗುವುದು, ಮಗುವಿನ ಅಳು ಕೇಳಿಸಿದಂತಾಗುವುದು ಈ ದುಃಖದಲ್ಲಿ ಆಗುತ್ತದೆ. ಆದರೆ ಎರಡು ವಾರ ಕಳೆದರೂ ಊಟ, ಸ್ನಾನ, ಮಾತು ಯಾವುದೂ ಬೇಡವಾಗಿದ್ದರೆ, ಎಲ್ಲ ತನ್ನಿಂದಲೇ ಆಯಿತು ಅಂತ ಒಂದೇ ಸಮನೆ ಹೇಳುತ್ತಿದ್ದರೆ, ನೆರವು ಪಡೆಯಿರಿ. ಸಾಯುವ ಮಾತು ಬಂದರೆ ಅವತ್ತೇ, ಕಾಯುವುದು ಬೇಡ, ಒಬ್ಬಳನ್ನೇ ಬಿಡುವುದೂ ಬೇಡ.

ಎಲ್ಲಿಗೆ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಕರೆ ಮಾಡಬಹುದು, "ನನ್ನ ಹೆಂಡತಿ ಹೀಗಿದ್ದಾಳೆ, ಏನು ಮಾಡಲಿ" ಅಂತ ಕೇಳಬಹುದು. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಬಹುದು. ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುತ್ತಾರೆ. ಯಾವ ದಿನ ಅಂತ ಮೊದಲೇ ಕೇಳಿಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರಿಗೆಂದೇ ಮನೋವೈದ್ಯಕೀಯ ಸೇವೆ ಇದೆ. ಅಲ್ಲಿಗೆ ಹೋಗುವುದಕ್ಕೆ ಹುಚ್ಚು ಹಿಡಿದಿರಬೇಕಾಗಿಲ್ಲ.

## ಹಂತ 10: ಆರನೇ ವಾರ, ಮತ್ತು ಮುಂದಿನ ತಾಯಿ ಕಾರ್ಡ್

ಆರು ವಾರಕ್ಕೆ ಒಮ್ಮೆ ಡಾಕ್ಟರ್ ಹತ್ತಿರ ಹೋಗಿ, ಮಾಸಿನ ರಿಪೋರ್ಟ್ ತೆಗೆದುಕೊಂಡು. ಬಸುರಿಯರು ಸಾಲಾಗಿ ಕೂತಿರುವ ಓಪಿಡಿಯಲ್ಲಿ ಕಾಯುವುದು ಕಷ್ಟ. ಮೊದಲೇ ಫೋನ್ ಮಾಡಿ, ಕೊನೆಯ ಸಮಯ ಕೊಡಿ ಅಂತ ಕೇಳಿ. ಯಾಕೆ ಹೀಗಾಯಿತು, ಸಕ್ಕರೆ, ಬಿಪಿ, ಥೈರಾಯ್ಡ್ ನೋಡಬೇಕಾ, ರಕ್ತ ಹೆಪ್ಪುಗಟ್ಟುವ ತೊಂದರೆಗೆ ಟೆಸ್ಟ್ ಬೇಕಾ, ಮತ್ತೆ ಬಸಿರಾಗಲು ಎಷ್ಟು ದಿನ ಬಿಡಬೇಕು, ಇಷ್ಟು ಬರೆದುಕೊಂಡು ಹೋಗಿ. ಪರೀಕ್ಷೆಗಳೆಲ್ಲ ಮಾಡಿದರೂ ಕಾರಣ ಸಿಗದೆ ಹೋಗುವುದೂ ಉಂಟು.

ಮುಂದೆ ಯಾವಾಗಲಾದರೂ ಬಸಿರಾದರೆ ಹೊಸ ತಾಯಿ ಕಾರ್ಡ್ ಮಾಡಿಸುವಾಗ "ಎಷ್ಟನೆಯದು?" ಅಂತ ಕೇಳುತ್ತಾರೆ. ಪಕ್ಕದಲ್ಲಿ ಜನ ಇರುತ್ತಾರೆ, ಹಳೆಯದನ್ನು ಎತ್ತುವುದು ಬೇಡ ಅಂತ ಮನೆಯವರೇ "ಮೊದಲನೆಯದು" ಅಂದುಬಿಡುತ್ತಾರೆ. ಹಾಗೆ ಹೇಳಬೇಡಿ. ಎರಡನೆಯದು ಅನ್ನಿ, ಹಳೆಯ ಫೈಲು ತೋರಿಸಿ. ಹಿಂದೆ ಹೀಗಾಗಿದೆ ಅಂತ ಗೊತ್ತಿದ್ದರೆ ಡಾಕ್ಟರ್ ಈ ಬಸಿರನ್ನು ಹತ್ತಿರದಿಂದ ನೋಡುತ್ತಾರೆ, ಸ್ಕ್ಯಾನಿಂಗ್, ಹೆರಿಗೆಯ ದಿನ ಎಲ್ಲ ಅದರ ಮೇಲೆ ಯೋಚಿಸುತ್ತಾರೆ. ಕಾರ್ಡಿನ ಮೇಲೆ ಜಿ2 ಪಿ1 ಎಲ್0 ಅಂತ ಬರೆಯುತ್ತಾರೆ: ಇದು ಎರಡನೇ ಬಸಿರು, ಒಂದು ಹೆರಿಗೆ ಆಗಿದೆ, ಬದುಕಿರುವ ಮಕ್ಕಳಿಲ್ಲ. ಪಿ ಪಕ್ಕದಲ್ಲಿ 1 ಇದೆಯಾ ಅಂತ ನೋಡಿಕೊಂಡೇ ಕಾರ್ಡ್ ತೆಗೆದುಕೊಳ್ಳಿ.